ಬಟ್ಟೆ ಕುಗ್ಗಿದೆ

ಪಟ್, ಪಟ್, ಪಟ್. ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುವ ಸದ್ದು. ಬೀದಿ ಕೊನೆಯ ಟೇಲರ್ ಅಂಗಡಿಯಿಂದ ಈ ಸದ್ದು ಬಂತೆಂದರೆ ಯಾರದೋ ಹೊಟ್ಟೆ ಮುಂದೆ ಬಂದಿದೆ ಎಂದೇ ಅರ್ಥ.

ಹೊಟ್ಟೆ ಬಂದವನ ಎದುರು ಅದನ್ನು ಆಡಿ ತೋರಿಸುವ ಮನಸ್ಸು ಮಾತ್ರ ಟೇಲರಿಗೆ ಎಂದೂ ಬಂದಿಲ್ಲ. ಟೇಪು ಸುತ್ತಿದ್ದೇ ತಡ, ಗಂಡಸರು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾರೆ. "ಉಸಿರು ಬಿಡಿ ಅಣ್ಣಾ," ಎನ್ನುತ್ತಾರೆ ಇವರು. ಬಿಟ್ಟ ಮೇಲೆ ಟೇಪು ನಿಜ ಹೇಳುತ್ತದೆ, ಟೇಲರು ಹೇಳುವುದಿಲ್ಲ. "ಬಟ್ಟೆ ಕುಗ್ಗಿದೆ ನೋಡಿ. ಈಗಿನ ಬಟ್ಟೇನೇ ಹಾಗೆ." ಬಂದವನ ಮುಖ ಅರಳುತ್ತದೆ. ಒಳಗೆ ಗುಂಡಿ ಹೊಲಿಯುತ್ತ ಕೂತ ಹೆಂಡತಿ ನಗು ತಡೆಯಲು ದಾರವನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಾರೆ.

ಆ ಹೆಂಡತಿಗೇ ಒಂದು ಬೆಳಿಗ್ಗೆ, ಇಸ್ತ್ರಿಗೆಂದು ಗಂಡನ ಪ್ಯಾಂಟು ತಿರುವಿದಾಗ, ಸೊಂಟದ ಒಳಗೆ ಹೊಸ ಹೊಲಿಗೆಯೊಂದು ಕಂಡಿತು. ಪಕ್ಕದಲ್ಲಿ ಇನ್ನೊಂದು, ಅದಕ್ಕಿಂತ ಹೊಸದು. ಎರಡೂ ಬಿಗಿ ಮಾಡಿದ ಹೊಲಿಗೆಗಳು, ಕದ್ದು ಹಾಕಿದವು.

"ಏನ್ರೀ ಇದು?"

"ಬಟ್ಟೆ ಜಗ್ಗಿದೆ."

"ಕುಗ್ಗೋ ಕಥೆ ಬೀದಿಗೆ ಹೇಳಿ. ಜಗ್ಗೋ ಕಥೆ ನನಗೆ ಹೇಳಬೇಡಿ."

ಟೇಲರು ತಲೆ ತಗ್ಗಿಸಿದರು. ಅವರ ಅಪ್ಪನೂ ಇದೇ ವಯಸ್ಸಿನಲ್ಲಿ ಸೊರಗಿದ್ದರು, 'ಏನೂ ಇಲ್ಲ, ಏನೂ ಇಲ್ಲ' ಎನ್ನುತ್ತಲೇ. ಪರೀಕ್ಷೆ ಮಾಡಿಸುವ ಹೊತ್ತಿಗೆ ಗಡ್ಡೆ ಮೈಯೆಲ್ಲ ಹರಡಿತ್ತು. ತನ್ನದೂ ಅದೇ ಎಂದು ಟೇಲರು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಾಗಿತ್ತು. ಬಾಯಿ ಬಿಟ್ಟು ಹೇಳದಿದ್ದರೆ ಅದು ನಿಜವಾಗುವುದಿಲ್ಲ ಎಂಬಂತೆ ಸೊಂಟ ಬಿಗಿ ಮಾಡುತ್ತ ಬಂದಿದ್ದರು.

"ನಾಳೆ ಆಸ್ಪತ್ರೆಗೆ ಹೋಗೋಣ," ಎಂದರು ಹೆಂಡತಿ.

"ನನಗೇನಾಗಿದೆ?"

"ಏನೂ ಆಗಿಲ್ಲ ಅಂತ ಕೇಳಿಸ್ಕೊಂಡು ಬರೋಣ. ಈ ಮಷೀನಿಗೆ ತಪ್ಪದೆ ಎಣ್ಣೆ ಬಿಡ್ತೀರಲ್ಲ, ಅದು ಕೆಟ್ಟು ನಿಂತ ಮೇಲೆ ಬಿಡ್ತೀರಾ?"

ಆಸ್ಪತ್ರೆಯಲ್ಲಿದ್ದ ಡಾಕ್ಟರನ್ನು ಕಂಡು ಟೇಲರಿಗೆ ಹಾಗೇ ತಿರುಗಿ ಓಡಿಬಿಡೋಣ ಅನ್ನಿಸಿತು. ಇವರು ಹೊಲಿದ ಸಮವಸ್ತ್ರ ತೊಟ್ಟು ಶಾಲೆಗೆ ಹೋದ ಹುಡುಗಿ!

"ಟೇಲರ್ ಅಂಕಲ್! ಬನ್ನಿ ಬನ್ನಿ. ರಾತ್ರಿ ಮೂತ್ರಕ್ಕೆ ಏಳ್ತೀರಾ?"

ಟೇಲರು ಫ್ಯಾನು ನೋಡಿದರು.

"ಏಳ್ತಾರಮ್ಮ," ಎಂದರು ಹೆಂಡತಿ. "ನಮ್ಮ ಬಚ್ಚಲ ಬಾಗಿಲಿಗೂ ನಿದ್ದೆ ಇಲ್ಲ."

ರಕ್ತ, ಮೂತ್ರ, ಬಿ.ಪಿ., ಹೊಟ್ಟೆಯ ಸ್ಕ್ಯಾನು, ಎಲ್ಲ ಬರೆದುಕೊಟ್ಟಳು ಡಾಕ್ಟರು. "ವಯಸ್ಸಾದ ಹಾಗೆ ಗಂಡಸರಿಗೆ ಪ್ರಾಸ್ಟೇಟ್ ಅನ್ನೋ ಗ್ರಂಥಿ ದೊಡ್ಡದಾಗುತ್ತೆ. ಅದನ್ನೂ ನೋಡಿಬಿಡೋಣ."

"ಅದಕ್ಕೂ ಅಳತೆ ತಗೋತೀರೇನಮ್ಮಾ?"

"ತಗೋತೀವಿ ಅಂಕಲ್. ಟೇಪಿಲ್ಲದೆ."

ವರದಿ ಬಂದ ದಿನ ಅವಳು ಹಾಳೆ ತಿರುವುತ್ತ ಕೂತಳು. ಎದುರಿಗೆ ಟೇಲರು, ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡು, ಕಲ್ಲಿನ ಹಾಗೆ. ಅವಳು ತಲೆಯೆತ್ತಿ ನೋಡಿದಳು. ಅಳತೆಗೆ ಬಂದು ಸೆಟೆದು ನಿಲ್ಲುತ್ತಿದ್ದ ಪುಟ್ಟ ಹುಡುಗಿಗೆ ಇವರೇ ಹೇಳುತ್ತಿದ್ದ ಮಾತನ್ನು ಇವರಿಗೇ ಹೇಳಿದಳು:

"ಉಸಿರು ಬಿಡಿ ಅಂಕಲ್. ಗಡ್ಡೆ ಎಲ್ಲೂ ಇಲ್ಲ. ಗ್ರಂಥಿ ವಯಸ್ಸಿಗೆ ತಕ್ಕ ಹಾಗಿದೆ. ಸಕ್ಕರೆ ಮಾತ್ರ ಜಾಸ್ತಿ, ಅದಕ್ಕೇ ಸೊರಗಿದ್ದೀರಿ, ಅದಕ್ಕೇ ರಾತ್ರಿ ಏಳ್ತೀರಿ. ಮಾತ್ರೆ ತಗೊಳ್ಳಿ, ಊಟ ನೋಡ್ಕೊಳ್ಳಿ, ದಿನಾ ಸಂಜೆ ನಡೀರಿ."

"ಬರೀ ಸಕ್ಕರೇನಾ?" ಯಾರೋ ಅಂಗೈಯಲ್ಲಿ ಕಲ್ಲುಸಕ್ಕರೆ ಇಟ್ಟಂತೆ ಕೇಳಿದರು ಟೇಲರು.

"ಬರೀ ಅನ್ನೋ ಹಾಗಿಲ್ಲ!" ಎಂದು ಗದರಿದಳು ಅವಳು. ಆದರೆ ಗಂಡ ಹೆಂಡತಿ ಆಗಲೇ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದ್ದರು. ಅವಳೂ ನಕ್ಕಳು.

ಅಂದಿನಿಂದ ಟೇಲರು ನಡೆದರು. ಮೊದಮೊದಲು ಬೈದುಕೊಂಡು, ಆಮೇಲೆ ಸಿಳ್ಳೆ ಹಾಕಿಕೊಂಡು. ಸಕ್ಕರೆ ಹತೋಟಿಗೆ ಬಂದು ಸೊರಗಿದ ಮೈ ಮತ್ತೆ ತುಂಬಿಕೊಂಡಾಗ, ಬಿಗಿ ಮಾಡಿದ ಹೊಲಿಗೆಗಳಲ್ಲಿ ಒಂದನ್ನು ಹೆಂಡತಿಯೇ ಬಿಚ್ಚಿದರು. ಪಟ್, ಪಟ್, ಪಟ್.

ಆಮೇಲೊಂದು ಸಂಜೆ ಗಣಿತದ ಮೇಷ್ಟ್ರು ಪ್ಯಾಂಟು ಹಿಡಿದುಕೊಂಡು ಬಂದರು. ಟೇಪು ಸುತ್ತಿದೊಡನೆ ಉಸಿರೆಳೆದು ನಿಂತರು.

"ಬಟ್ಟೆ ಕುಗ್ಗಿದೆ, ಅಲ್ವೇನ್ರೀ ಟೇಲರೇ?"

ಹಳೆಯ ಮಾತು ಟೇಲರ ನಾಲಿಗೆಯ ತುದಿಗೆ ಬಂತು. ಅವರು ಅದನ್ನು ನುಂಗಿಕೊಂಡರು.

"ಇಲ್ಲ ಮೇಷ್ಟ್ರೇ. ಬಟ್ಟೆ ಹಾಗೇ ಇದೆ. ಬಿ.ಪಿ., ಸಕ್ಕರೆ ಯಾವಾಗ ನೋಡಿಸಿದ್ರಿ?"

"ನನಗೇನಾಗಿದೆ?"

"ನಾನೂ ಇದನ್ನೇ ಕೇಳಿದ್ದೆ. ಹೋಗಿ ತೋರಿಸ್ಕೊಂಡು ಬನ್ನಿ. ಅಲ್ಲೀವರೆಗೂ ಈ ಸೊಂಟ ನಾನು ಬಿಚ್ಚಲ್ಲ."

"ಅಲ್ರೀ, ಇದೇನು ಅನ್ಯಾಯ! ಇದು ಬರೀ ಗ್ಯಾಸು. ಬೆಳಿಗ್ಗೆ ಬಂದು ನೋಡಿ, ಹೊಟ್ಟೆ ಅನ್ನೋದೇ ಇರಲ್ಲ. ಅದೂ ಅಲ್ಲದೆ ನಮ್ಮ ಮನೆತನದಲ್ಲಿ..."

ಹೊಸ್ತಿಲ ಮೇಲಿನ ಬಿಸಿಲು ಆಗಲೇ ಜಾರಿತ್ತು, ನಡಿಗೆಯ ಹೊತ್ತಾಗಿತ್ತು. ಟೇಲರು ಚಪ್ಪಲಿ ಮೆಟ್ಟಿ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನೂ ತೆಗೆಯದೆ ಬೀದಿಗಿಳಿದರು. ಸಿಳ್ಳೆ ದೂರವಾಯಿತು. ಮೇಷ್ಟ್ರು ಸೊಂಟಕ್ಕೆ ಟೇಪು ಸುತ್ತಿಕೊಂಡೇ ಬಾಗಿಲ ಕಡೆ ನೋಡುತ್ತ ನಿಂತಿದ್ದರು.

"ಉಸಿರು ಬಿಡಿ ಮೇಷ್ಟ್ರೇ," ಎಂದರು ಒಳಗಿನಿಂದ ಹೆಂಡತಿ. "ಅವರು ಹೋದರು."