ತೊಪ್ಪೂರು ಘಾಟಿಯಲ್ಲಿ ಕುಂಕುಮದ ಪ್ಲಗ್ಗು

ಕಾವ್ಯಾ, ಗೋಕುಲ, ನೀವಿಬ್ಬರೂ ಬೇಸಿಗೆ ರಜಕ್ಕೆ ಅಮ್ಮನ ಜೊತೆ ಎಡಪ್ಪಾಡಿಗೆ ಹೋಗಿದ್ದಾಗ ನಾನೂ ನಿಮ್ಮಪ್ಪ ಮಾದೇಶನೂ ನಲ್ಲಂಪಳ್ಳಿಯ ದೊಡ್ಡಜ್ಜಿ ಮನೆಗೆ ಹೋಗಿಬಂದೆವು. ಹೇಗೆ ಹೋದಿರಿ ಎಂದು ನೀವು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಮಾತಾಡಲು ನನಗೆ ಮೊದಲಿಂದಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕಲಿಸಿದ ಕನ್ನಡ ಅಕ್ಷರಗಳೇ, ನಿಧಾನವಾಗಿ ಓದಿ.

ಹಿಂದಿನ ಸಂಜೆ ನಿಮ್ಮ ದೊಡ್ಡಜ್ಜಿ, ನನ್ನ ಅಕ್ಕ, ಫೋನು ಮಾಡಿ ಮಾವಿನಕಾಯಿ ಉಪ್ಪಿಗೆ ಹಾಕಿದ್ದೇನೆ, ಮಕ್ಕಳಿಗೆ ಕಳಿಸುತ್ತೇನೆ ಎಂದಿದ್ದಳು. ಬೆಳಿಗ್ಗೆ ಅದೇ ನಂಬರಿನಿಂದ ಭಾವ ಮಾತಾಡಿದರು.

"ರತ್ನಿ, ನಿಮ್ಮಕ್ಕ ಓಗ್ಬುಟ್ಟಳಮ್ಮ. ಕೊಟ್ಟಿಗೆತಾವ ಕುಂತೋಳು ಏಳ್ಲೇ ಇಲ್ಲ."

"ಮಾವಿನಕಾಯಿ ಆಕಿದ್ಳಲ್ಲ ಭಾವ" ಎಂದೆ. ಯಾಕೆ ಹಾಗಂದೆನೋ ಈಗಲೂ ಗೊತ್ತಿಲ್ಲ.

ನಮ್ಮಲ್ಲಿ ಮದುವೆಯಾದ ಹೆಣ್ಣು ತೀರಿಕೊಂಡರೆ ತವರಿನ ಸೀರೆ ಹೊದಿಸಿ ಎತ್ತಬೇಕು. ತವರಿಂದ ಯಾರೂ ಬರದಿದ್ದರೆ ಊರವರೇ ಒಂದು ಸೀರೆ ಹೊದಿಸಿ, ದಿಕ್ಕಿಲ್ಲದವಳ ಹಾಗೆ ಕಳಿಸಿಬಿಡುತ್ತಾರೆ. ನಮಗೆ ಅಣ್ಣತಮ್ಮಂದಿರಿಲ್ಲ. ಅಕ್ಕನಿಗೆ ತವರೆಂದು ಉಳಿದವಳು ನಾನೊಬ್ಬಳೇ. ಬಿಸಿಲು ಜಾಸ್ತಿ, ಮಧ್ಯಾಹ್ನದಾಚೆ ಇಡುವಂತಿಲ್ಲ ಎಂದು ಭಾವ ಹೇಳಿದ್ದರು. ಬಸ್ಸಾದರೆ ತೊಪ್ಪೂರಿನಲ್ಲಿ ಇಳಿದು ಬೇರೆ ಬಸ್ಸಿಗೆ ಕಾಯಬೇಕು. ಮನೆಯ ಸ್ಕೂಟರು ನಿಮ್ಮ ಜೊತೆ ಎಡಪ್ಪಾಡಿಯಲ್ಲಿತ್ತು. ಉಳಿದದ್ದು ನಿಮ್ಮ ತಾತನ ಹಳೆಯ ಮೋಟಾರ್ ಸೈಕಲ್ಲು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದ್ದು. ಅದರಲ್ಲೇ ಹೊರಟೆವು.

ಮೇಚೇರಿ ಬಜಾರಿನಲ್ಲಿ ಅರಿಶಿನ ಬಣ್ಣದ, ಕೆಂಪು ಅಂಚಿನ ಸೀರೆ ತೆಗೆದೆ. ಅಂಗಡಿಯವನು ನಗುತ್ತಾ, "ಯಾರಿಗಮ್ಮಾ ಕಲ್ಯಾಣ?" ಎಂದ. ನಾನೂ ನಕ್ಕೆ. ಮಾದೇಶ ವಿಷಯ ಹೇಳಿದ ಮೇಲೆ ಅವನು ಮಡಿಸುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನಿಂತುಬಿಟ್ಟ.

ಅಲ್ಲಿಂದ ತೊಪ್ಪೂರು ಇಪ್ಪತ್ತು ಕಿಲೋಮೀಟರಿನಷ್ಟು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಗಾಡಿ ಚೆನ್ನಾಗಿಯೇ ಓಡಿತು. ತೊಪ್ಪೂರಿನಲ್ಲಿ ದೊಡ್ಡ ರಸ್ತೆಗೆ ಸೇರಿ ಘಾಟಿ ಹತ್ತತೊಡಗಿದಾಗ ಇಂಜಿನ್ನಿನೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂತು. ಆಮೇಲೆ ಒಂದೇ ಸಲ ನಿಂತುಹೋಯಿತು. ಹಿಂದಿದ್ದ ಲಾರಿ ಹಾರನ್ ಹೊಡೆಯುತ್ತಾ ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅದರ ಚಕ್ರ ನನ್ನ ಮೊಣಕಾಲಿಗೆ ಎಷ್ಟು ಹತ್ತಿರವಿತ್ತೆಂದರೆ, ಟೈರಿನ ಬಿಸಿ ಸೀರೆಯ ಮೇಲಿಂದಲೂ ತಾಗಿತು. ಎದೆಗೆ ಅವುಚಿಕೊಂಡಿದ್ದ ಹೊಸ ಸೀರೆಯ ಗಂಟನ್ನು ಹಿಡಿದೇ ಕೆಳಗಿಳಿದೆ.

ಮಾದೇಶ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬಿಚ್ಚಿದ. ತುದಿ ಬೂದಿಯಂತೆ ಬೆಳ್ಳಗಾಗಿ, ನಡುವಿನ ಕಡ್ಡಿ ಕರಗಿತ್ತು.

"ಇದು ಅಪ್ಪ ಸಂತೆಗೆ ಆಕ್ತಿದ್ದ ಪ್ಲಗ್ಗಮ್ಮ. ಬದ್ಲಾಯಿಸ್ಲೇ ಇಲ್ಲ ನಾನು."

ನಿಮ್ಮ ತಾತನ ಹತ್ತಿರ ಎರಡು ಪ್ಲಗ್ಗುಗಳಿದ್ದವು. ಕುರಿ ಕಟ್ಟಿಕೊಂಡು ಮೆಲ್ಲಗೆ ಸಂತೆಗೆ ಹೋಗುವ ದಿನಕ್ಕೆ ಒಂದು, ಅಕ್ಕನ ಮನೆಗೆಂದು ಘಾಟಿ ಹತ್ತುವ ದಿನಕ್ಕೆ ಒಂದು. ಸಂತೆಯದು ಬೇಗ ಕಾಯುತ್ತದೆ, ಮಸಿ ಹಿಡಿಯುವುದಿಲ್ಲ. ಘಾಟಿಯಲ್ಲಿ ಅದೇ ಇದ್ದರೆ ಕಾದು ಕರಗುತ್ತದೆ. ಅವರು ತೀರಿಕೊಂಡಂದಿನಿಂದ ಗಾಡಿ ಊರೊಳಗೇ ಓಡುತ್ತಿದ್ದುದರಿಂದ ಯಾರೂ ಅದನ್ನು ಬದಲಾಯಿಸಿರಲಿಲ್ಲ.

ಘಾಟಿಯ ಪ್ಲಗ್ಗು ಸೀಟಿನ ಕೆಳಗೆ ಡಬ್ಬಿಯಲ್ಲಿತ್ತು. ಮಾದೇಶ ಅದನ್ನು ತೆಗೆದು ಬಿಸಿಲಿಗೆ ಹಿಡಿದ. ಅದು ಕೆಂಪಗಿತ್ತು.

ಪ್ರತಿ ಆಯುಧ ಪೂಜೆಗೆ ತಾತನ ಸಾಮಾನುಗಳನ್ನೆಲ್ಲ ಸಾಲಾಗಿ ಇಟ್ಟು, ನಾನು ಕುಂಕುಮ ಇಡುವಂತಿಲ್ಲವಾದ್ದರಿಂದ ನಿಮ್ಮ ಕೈಯಲ್ಲಿ ಇಡಿಸುತ್ತೇನಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನೀವು ಪ್ಲಗ್ಗಿನ ತುದಿಗೇ, ಕಿಡಿ ಹಾರುವ ಸಂದಿಗೇ ಮೆತ್ತಿದ್ದಿರಿ. ವರ್ಷ ವರ್ಷದ್ದು ಒಣಗಿ ಕಲ್ಲಾಗಿತ್ತು. ಮಾದೇಶ ಅವಸರದಲ್ಲಿ ತಿರುಪುಳಿಯಿಂದ ಮೀಟಿದ. ಒಳಗಿನ ಬಿಳಿ ಪಿಂಗಾಣಿ ಮುರಿದು ರಸ್ತೆಗೆ ಬಿತ್ತು.

ಭಾವನಿಗೆ ಫೋನು ಮಾಡಿದೆವು. ಸಾವಿನ ಮನೆಯ ತಮಟೆ ಸದ್ದಿನಲ್ಲಿ ಕೇಳಲಿಲ್ಲವೇನೋ, ಯಾರೂ ಎತ್ತಲಿಲ್ಲ. ಏರಿನಲ್ಲಿ ಬಸ್ಸುಗಳೂ ನಿಲ್ಲಲಿಲ್ಲ.

ಗಾಡಿ ತಳ್ಳಿಕೊಂಡು ಮೇಲಿನ ತಿರುವಿಗೆ ಹೋದರೆ ಒಂದು ಪಂಚರ್ ಅಂಗಡಿ ಸಿಕ್ಕಿತು. ಅಂಗಡಿಯವನು ಹೊರಗೆ ಹೋಗಿದ್ದ, ಹೆಂಡತಿ ಕೂತಿದ್ದಳು. ನಮ್ಮ ಮಾತು ಕೇಳಿ ತಮಿಳು ಬಿಟ್ಟು ಕನ್ನಡಕ್ಕೆ ಬಂದಳು.

"ನನ್ಗೆ ಟೂಬು ಒಂದೇ ಗೊತ್ತಕ್ಕಾ. ಪ್ಲಗ್ಗೆಲ್ಲ ಅವ್ರ ಇಲಾಕೆ. ನೀವೇ ಆರಿಸ್ಕಳಿ" ಎಂದು ಒಂದು ಡಬ್ಬಿಯನ್ನು ಗೋಣಿಚೀಲದ ಮೇಲೆ ಸುರಿದಳು.

ಮಾದೇಶ ಹೊಸದಾಗಿ ಹೊಳೆಯುತ್ತಿದ್ದ ಒಂದನ್ನು ಎತ್ತಿಕೊಂಡು ಕೈಯಿಂದಲೇ ಇಂಜಿನ್ನಿಗೆ ತಿರುಗಿಸತೊಡಗಿದ. ಅದು ಸಲೀಸಾಗಿ ಇಳಿಯಿತು.

"ಬ್ಯಾಡ ಮಾದೇಶ. ತೆಗಿ ಅದನ್ನ."

"ಕರೆಕ್ಟಾಗಿ ಕೂಡ್ತೈತಲ್ಲಮ್ಮ. ಟೈಮ್ ಆಯ್ತೈತೆ."

"ಕೂಡ್ತೈತೆ ಕಣೋ. ಉದ್ದ ಐತೆ. ಒಳ್ಗಡೆ ಪಿಸ್ಟನ್ನು ಬಂದು ಗುದ್ತೈತೆ."

ಟೈರು ಬಿಚ್ಚಿಸಲು ಬಂದಿದ್ದ ಇಬ್ಬರು ಲಾರಿ ಡ್ರೈವರುಗಳು ತಿರುಗಿ ನೋಡಿದರು. ಒಬ್ಬ, "ಪಾಟಿ ಮೆಕ್ಯಾನಿಕ್ಕಾ?" ಎಂದ, ಅಜ್ಜಿ ಮೆಕ್ಯಾನಿಕ್ಕೇ ಎಂದು. ನನ್ನ ಕಿವಿ ಸುಟ್ಟಂತಾಯಿತು. ಆದರೂ ಗೋಣಿಯ ಮುಂದೆ ಕೂತೆ.

ಸಂಜೆ ಹೊತ್ತು ತಾತ ಗಾಡಿ ಬಿಚ್ಚುವಾಗ ಟಾರ್ಚು ಹಿಡಿಯುತ್ತಿದ್ದವಳು ನಾನೇ. ತಿರುಪಿನ ಭಾಗವನ್ನು ಅವರು ಹೆಬ್ಬೆರಳ ಉಗುರಿಗೆ ಹಿಡಿದು ನೋಡುತ್ತಿದ್ದರು. ಉಗುರಿನಷ್ಟೇ ಇರಬೇಕು, ಅದಕ್ಕಿಂತ ಉದ್ದ ಕೂಡದು. ಆಮೇಲೆ ಒಳಗೆ ಇಣುಕುತ್ತಿದ್ದರು. ಪಿಂಗಾಣಿ ಉದ್ದಕ್ಕಿದ್ದರೆ ಸಂತೆಗೆ, ಮೋಟಾಗಿದ್ದರೆ ಬೆಟ್ಟಕ್ಕೆ. ನಾನು ಒಂದೊಂದನ್ನೇ ಉಗುರಿಗೆ ಹಿಡಿದೆ. ಹೊಸ ಬೈಕುಗಳ ಸಪೂರ ಪ್ಲಗ್ಗುಗಳನ್ನು ಬದಿಗಿಟ್ಟೆ. ಉಗುರಿನಳತೆಯವು ಎರಡು ಸಿಕ್ಕಿದವು, ಎರಡೂ ಹಳೆಯವೇ. ಮೋಟು ಪಿಂಗಾಣಿಯದನ್ನು ಪೆಟ್ರೋಲಿನಲ್ಲಿ ಅದ್ದಿ, ಉಜ್ಜಿ, ಸಂದಿಗೆ ಕಬ್ಬಿಣ ಕೊಯ್ಯುವ ಬ್ಲೇಡು ತೂರಿಸಿ ನೋಡಿದೆ. ತಾತ ಹಾಗೇ ನೋಡುತ್ತಿದ್ದರು. ಬಿಗಿಯಾಗಿ ಹೋಯಿತು.

ಎರಡನೇ ಒದೆತಕ್ಕೆ ಗಾಡಿ ಎದ್ದಿತು. ಪಂಚರಿನವಳು ನೀರಿನ ಬಾಟಲಿ ಕೊಟ್ಟು, "ಸೀಕ್ರ ಓಗಿ ಅಕ್ಕಾ" ಎಂದಳು. ಪ್ಲಗ್ಗಿಗೆ ಏನೂ ತೆಗೆದುಕೊಳ್ಳಲಿಲ್ಲ.

ಘಾಟಿ ಹತ್ತಿದೆವು. ಎಲ್ಲೂ ನಿಲ್ಲಲಿಲ್ಲ. ನಲ್ಲಂಪಳ್ಳಿಯಿಂದ ಒಳದಾರಿ ಹಿಡಿದು ಅಕ್ಕನ ಬೀದಿಗೆ ತಿರುಗಿದಾಗ ಮನೆಯ ಮುಂದೆ ಅವಳು ಇರಲಿಲ್ಲ. ಚಟ್ಟ ಬೀದಿಯ ಕೊನೆಯಲ್ಲಿತ್ತು, ಹೆಗಲ ಮೇಲೆ, ನಮಗೆ ಬೆನ್ನು ಮಾಡಿ. ಕೂಗಬೇಕೆಂದು ಬಾಯಿ ತೆರೆದೆ. ತಮಟೆಯಲ್ಲಿ ಯಾರಿಗೆ ಕೇಳುತ್ತಿತ್ತು? ಗಾಡಿ ಮಾತ್ರ ಪಟಪಟ ಎನ್ನುತ್ತಲೇ ಇತ್ತು.

ಮುಂದೆ ಹೋಗುತ್ತಿದ್ದ ಭಾವ ನಿಂತರು.

"ಇಳಿಸ್ರಲಾ" ಎಂದರು. "ಅದು ನಮ್ಮ ಷಡ್ಡಕನ ವಂಡಿ ಸದ್ದು. ಅವಳ ತವ್ರು ಬಂದೈತೆ."

ಚಟ್ಟ ಇಳಿಸಿದರು. ಊರವರು ಹೊದಿಸಿದ್ದ ಸೀರೆಯನ್ನು ಸರಿಸಿದರು. ನಾನು ನಮ್ಮದನ್ನು ಹೊದಿಸಿದೆ. ನನ್ನ ಕೈಯಲ್ಲಿ ಪ್ಲಗ್ಗಿನ ಮಸಿ ಇದೆಯೆಂಬುದು ಆಗ ನೆನಪಾಯಿತು. ಅರಿಶಿನ ಬಣ್ಣದ ಮೇಲೆ, ಅಕ್ಕನ ಭುಜದ ಹತ್ತಿರ, ನನ್ನ ಹೆಬ್ಬೆರಳು ಕಪ್ಪಗೆ ಮೂಡಿತ್ತು. ಒರೆಸಲು ಹೋದೆ. ಭಾವ ನನ್ನ ಕೈ ಹಿಡಿದು, "ಇರ್ಲಿ ಬುಡಮ್ಮ" ಎಂದರು. ಹಾಗೇ ಎತ್ತಿಕೊಂಡು ಹೋದರು.

ಮರುದಿನ ಹೊರಡುವಾಗ ಭಾವ ಒಂದು ಭರಣಿಯನ್ನು ಗಾಡಿಗೆ ಕಟ್ಟಿದರು. ನೀವು ಈಗ ಮೊಸರನ್ನಕ್ಕೆ ನೆಂಚಿಕೊಳ್ಳುತ್ತಿರುವ ಮಾವಿನಕಾಯಿ ಅದೇ. ಭರಣಿ ತೆರೆದಾಗಲೆಲ್ಲ ನನಗೆ ಅವಳ ಫೋನು ಈಗ ತಾನೇ ಮುಗಿದಂತಿರುತ್ತದೆ.

ಮಕ್ಕಳೇ, ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಈ ಸಲದ ಪೂಜೆಗೂ ನೀವೇ ಕುಂಕುಮ ಇಡಬೇಕು, ಪ್ಲಗ್ಗಿನ ತುದಿಗಲ್ಲ, ಮೇಲಿನ ಬಿಳಿ ಭಾಗಕ್ಕೆ ಮಾತ್ರ. ಉಗುರಿನ ಅಳತೆಯನ್ನೂ ಕಲಿತುಕೊಳ್ಳಿ. ಈ ಹಾಳೆಗಳನ್ನು ಸೀಟಿನ ಕೆಳಗಿನ ಡಬ್ಬಿಯಲ್ಲಿಡಬೇಡಿ, ಎಣ್ಣೆ ಹಿಡಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ, ಮುರಿದ ಆ ಕೆಂಪು ಪ್ಲಗ್ಗಿನ ಪಕ್ಕದಲ್ಲಿ ಜೋಪಾನವಾಗಿಡಿ.