ಕುದುರೆ ಮದ್ದಿನ ಡಾಕ್ಟ್ರಮ್ಮ

ನಮ್ಮ ಡಾಕ್ಟ್ರಮ್ಮನ ಎಡಹುಬ್ಬು ಸದಾ ಮೇಲೆಯೇ ಇರುತ್ತಿತ್ತು. "ಹೊಟ್ಟೆನೋವು" ಅಂದರೆ ಇನ್ನಷ್ಟು ಏರುತ್ತಿತ್ತು. "ಈಗ ಆರಾಮು" ಅಂದರೆ ಹಣೆಯನ್ನೇ ಮುಟ್ಟುತ್ತಿತ್ತು. ಎಪ್ಪತ್ತರ ದಶಕದಲ್ಲಿ ಸವಳಂಗಕ್ಕೆ ಬಂದ ಅವರು ಯಾರನ್ನೂ ನಂಬಿದವರಲ್ಲ. ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದ ಔಷಧಿಯ ಥರ್ಮಾಸ್ ತೆರೆದು, ಐಸು ಉಳಿದಿದೆಯೇ ಎಂದು ಬೆರಳು ಅದ್ದಿಯೇ ನೋಡಬೇಕು. ಕಂಡಕ್ಟರನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ನಮಗೂ ಅವರ ಮೇಲೆ ಅಷ್ಟೇ ಗುಮಾನಿ ಅನ್ನಿ. ಹಾವು ಕಚ್ಚಿದವರಿಗೆ ಅವರು ಕೊಡುವ ಇಂಜೆಕ್ಷನ್ನು ಕುದುರೆ ರಕ್ತದ್ದು ಎಂದು ಊರೆಲ್ಲ ಗುಸುಗುಸು.

ಒಂದು ಮಧ್ಯಾಹ್ನ ಬಣವೆಯ ಹತ್ತಿರ ಅವ್ವನ ಕಾಲಿಗೆ ಹಾವು ಕಚ್ಚಿತು. ಅಪ್ಪ ವಾಡಿಕೆಯಂತೆ ಬೇವಿನ ಸೊಪ್ಪು ಜಗಿಸಿದ. ಕಹಿ ಹತ್ತಿದರೆ ವಿಷ ಏರಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. "ಕಹಿ ಐತೆ, ಎಲ್ಲಿಗೂ ಬ್ಯಾಡ" ಎಂದಳು ಅವ್ವ. ಆದರೂ ಕಾಲು ಊದಿದ್ದು ಕಂಡು ಅಪ್ಪ ಆಸ್ಪತ್ರೆಗೆ ಗಾಡಿ ಹೂಡಿದ, ನಾನೂ ಹತ್ತಿಕೊಂಡೆ.

"ಬೇವು ಕಹಿ ಹತ್ತೈತ್ರೀ" ಎಂದ ಅಪ್ಪ. ಡಾಕ್ಟ್ರಮ್ಮ ಅವ್ವನ ಗದ್ದ ಎತ್ತಿ, "ನನ್ನ ನೋಡು" ಎಂದರು. ರೆಪ್ಪೆ ಮೇಲೇಳಲಿಲ್ಲ.

"ವಿಷ ಏರೈತೆ. ಬೇವನ್ನ ನಂಬಾಕೆ ಹೋಗಿ ಹೆಂಡ್ತೀನ ಕಳ್ಕಂತಿದ್ದೆಲ್ಲಪ್ಪ! ಈಕೆ ಬ್ಯಾರೆ ಏನೋ ಮುಚ್ಚಿಡ್ತಾಳೆ. ನಿಜ ಹೇಳವ್ವ, ಕಹಿ ಇತ್ತಾ?"

ಅವ್ವ ತೊದಲಿದಳು: "ಸಪ್ಪಗಿತ್ತು... ಕೊರಳಾಗೆ ಲಿಂಗ ಐತ್ರೀ. ಕುದುರೆ ರಕ್ತ ಬ್ಯಾಡ್ರೀ."

ಅಯ್ಯೋ, ಅವ್ವ ಸಾಯಲು ತಯಾರಾಗಿಯೇ ಸುಳ್ಳು ಹೇಳಿದ್ದಳು!

"ಕುದುರೆ ಸತ್ತಿಲ್ಲ ಕಣವ್ವ, ಹುಲ್ಲು ತಿನ್ಕಂಡು ನಿಂತೈತೆ. ಚೂರುಚೂರೇ ವಿಷ ಚುಚ್ಚಿಸ್ಕಂಡು, ಹಾವಿನ ವಿಷದ ಗುರುತು ಹಿಡಿಯಾಕೆ ಅದರ ಮೈ ಕಲ್ತೈತೆ. ಹಂಗೆ ಕಲ್ತಿದ್ದನ್ನಷ್ಟೇ ರಕ್ತದಿಂದ ಬ್ಯಾರೆ ಮಾಡಿ ಬಾಟ್ಲಿಗೆ ತುಂಬ್ಯಾರೆ. ನಿನ್ನ ಮೈಯಾಗೆ ವಿಷ ಹುಡುಕ್ಕಂಡು ಹೋಗಿ ಅದನ್ನೇ ಹಿಡಿತೈತೆ. ನಿನ್ನ ಲಿಂಗದ ತಂಟೆಗೆ ಬರಲ್ಲ."

ಅವ್ವ ಆಗಲಿ ಎಂದು ತಲೆಯಾಡಿಸಿದಳು. ಮದ್ದನ್ನು ಸಲೈನಿನಲ್ಲಿ ಬೆರೆಸಿ ಹನಿಹನಿಯಾಗಿ ಬಿಟ್ಟರು. ಇನ್ನು ಎದ್ದು ಹೋಗುತ್ತಾರೆ ಅಂದುಕೊಂಡೆ. ಎಲ್ಲಿ? ಇನ್ನೊಂದು ಸೂಜಿ ತುಂಬಿಟ್ಟುಕೊಂಡು ಪಕ್ಕದಲ್ಲೇ ಕುಳಿತರು. ಯಾಕೆಂದು ಕೇಳಿದರೆ, "ಈ ಮದ್ದನ್ನೂ ನಂಬಾಕಾಗಲ್ಲ. ಕೆಲವರಿಗೆ ಒಗ್ಗದೆ ಉಸಿರು ಕಟ್ಟತೈತೆ, ಆಗ ಈ ಸೂಜಿ ಚುಚ್ಚಬೇಕು. ಕಾಯ್ಬೇಕು" ಎಂದರು. ಊಟಕ್ಕೂ ಏಳಲಿಲ್ಲ. ಮರುದಿನ ಅವ್ವ ಕಣ್ಣು ಪೂರ್ತಿ ತೆರೆದಳು.

ಎಂಬತ್ತರ ದಶಕದ ಕೊನೆಗೆ ಡಾಕ್ಟ್ರಮ್ಮ ತೀರಿಕೊಂಡರು. ಅವ್ವ ಜನರನ್ನು ತಳ್ಳಿಕೊಂಡು ಹತ್ತಿರ ಹೋದಳು. ಅವರ ಮೂಗಿನ ಬಳಿ ಬೆರಳಿಟ್ಟಳು, ಮಣಿಕಟ್ಟು ಹಿಡಿದಳು, ಎದೆಗೆ ಕಿವಿಯಿಟ್ಟಳು.

"ನಾನು ನೋಡಿದೀನಮ್ಮ, ಏನೂ ಉಳಿದಿಲ್ಲ" ಎಂದರು ಹೊಸ ಡಾಕ್ಟರು.

ಅವ್ವ ಅಳುತ್ತಲೇ ಸಿಡುಕಿದಳು: "ನಿಮ್ಮ ಮಾತು ನಾ ನಂಬಲ್ಲ. ಇನ್ನೊಂದ್ಸಲ ನೋಡ್ರೀ."