ಬ್ಯಾಳಿ ಬೇಯುವ ನೀರು

ಒಲೆಯ ಮೇಲೆ ತೊಗರಿಬ್ಯಾಳಿ ಬೇಯುತ್ತಿದೆ. ಕುಕ್ಕರಿನಲ್ಲಲ್ಲ, ತೆರೆದ ಪಾತ್ರೆಯಲ್ಲಿ. ನನ್ನ ಮನೆಯಲ್ಲಿ ಹೀಗೆ ಬ್ಯಾಳಿಗೆ ಇಟ್ಟು ವರ್ಷಗಳೇ ಆದವು. ಅರಿಶಿನ, ಒಂದೆರಡು ಹನಿ ಎಣ್ಣೆ, ಮೇಲೆ ಉಕ್ಕಿ ಬರುವ ನೊರೆ. ಆ ಬೆಚ್ಚನೆಯ ವಾಸನೆ ಕೊಪ್ಪಳದ ಈ ಇಕ್ಕಟ್ಟಾದ ಅಡುಗೆಮನೆ ದಾಟಿ ಪಡಸಾಲೆಗೂ ಹೋಗಿದೆ. ಪಡಸಾಲೆಯಲ್ಲಿ ನನ್ನ ಅಕ್ಕನ ಮಗಳು ಕಾವೇರಿ ಕಾಲು ಚಾಚಿ ಕೂತಿದ್ದಾಳೆ. ಚೊಚ್ಚಲ ಬಸುರಿ. ಹುಲಿಹೈದರದ ಕಡೆ ಅವಳ ಗಂಡನ ಊರು. ಅಲ್ಲಿಂದ ಬೆಳಿಗ್ಗೆ ಬಸ್ಸು ಹತ್ತಿ, ಒಂದು ಕ್ಯಾನು ನೀರನ್ನು ಕಾಲ ಬಳಿ ಇಟ್ಟುಕೊಂಡು ಬಂದಿದ್ದಾಳೆ. ಬಸುರಿಯಾದವಳು ಹುಣಸಿಕಾಯಿ ಕಚ್ಚಿಕೊಂಡು ಆರಾಮಾಗಿ ಬರುವುದು ಬಿಟ್ಟು ನೀರು ಹೊತ್ತು ತರುತ್ತಾಳೆಯೇ ಎಂದು ಬಾಗಿಲಲ್ಲೇ ಬೈದೆ. ಅವಳು ನಗಲಿಲ್ಲ. ಅತ್ತೆಯ ಮನೆಯವರು ಕುಡಿಯುವ ಬೋರಿನ ನೀರು ಇದು ಎಂದಳು. ಆಮೇಲೆ ಅವಳಂದ ಮಾತಿಗೆ ಬೈಯುವುದು ಬಿಟ್ಟು ಆ ನೀರನ್ನೇ ಒಲೆಗೆ ಇಟ್ಟೆ.

"ಚಿಗವ್ವ, ಈ ನೀರಾಗ ಬ್ಯಾಳಿ ಭಾಳ ಛಲೋ ಬೇಯ್ತೈತಿ. ಅದಕ್ಕ ಅಂಜಿಕಿ ಬಂತು."

ಬ್ಯಾಳಿ ಛಲೋ ಬೆಂದರೆ ಅಂಜುವುದು ಯಾಕೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಕೂತ್ಕೊಳ್ರಿ, ಹೇಳುತ್ತೇನೆ. ಬ್ಯಾಳಿ ಬೇಯುವುದರೊಳಗೆ ಮುಗಿಸಬೇಕೆಂಬ ಆಸೆಯಂತೂ ಇದೆ. ಆದರೆ ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು. ಗಂಟೆ ಹೊಡೆದರೂ ಪಾಠ ನಿಲ್ಲಿಸದವಳು ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೂ ಗೊತ್ತು.

ನಮ್ಮದು ಯಲಬುರ್ಗಾ ಕಡೆಯ ಸಣ್ಣ ಊರು. ನಮ್ಮಪ್ಪನ ಮನೆ ಮೇಲಿನ ಓಣಿ, ಅವ್ವನ ತವರುಮನೆ ಕೆಳಗಿನ ಓಣಿ. ಅವ್ವನ ತಾಯಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ನಮ್ಮ ಕಡೆ ಹೆತ್ತವಳು ಅವ್ವ, ಅಜ್ಜಿ ಅಮ್ಮ. ಬೆಂಗಳೂರಿನ ಗೆಳತಿಯೊಬ್ಬಳಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ನನಗೆ ಒಮ್ಮೆ ಸಾಕುಸಾಕಾಗಿತ್ತು. ಈ ಅಮ್ಮ ಊರಿನ ನೀರಿನ ಪರೀಕ್ಷಾಧಿಕಾರಿ. ಯಾರೂ ನೇಮಿಸಿದ್ದಲ್ಲ, ತಾನಾಗಿ ಆದದ್ದು. ಎಲ್ಲಿ ಹೊಸ ಬಾವಿ ತೋಡಲಿ, ಎಲ್ಲಿ ಬೋರಿಂಗ್ ಹಾಕಲಿ, ಮೊದಲ ಕೊಡ ಅಮ್ಮನ ಒಲೆಯ ಮುಂದೆ ಬಂದು ಕೂಡುತ್ತಿತ್ತು. ಅಮ್ಮ ಅದರಲ್ಲಿ ಒಂದು ಬೊಗಸೆ ಬ್ಯಾಳಿ ಹಾಕಿ ಕುದಿಸುತ್ತಿದ್ದಳು. ಓಣಿಯ ಹೆಂಗಸರು ಸುತ್ತ ಕೂತು ಕಾಯುತ್ತಿದ್ದರು. ಬ್ಯಾಳಿ ಕರಗಿ ಕೂಡಿಕೊಂಡಿತೋ, ಅದು ಸಿಹಿನೀರು, ಕುಡಿಯಬಹುದು. ಕಾಳು ಕಾಳಾಗಿ ಉಳಿಯಿತೋ, ಅದು ಸವಳುನೀರು, ದನಕ್ಕೆ, ಬಟ್ಟೆಗೆ. ಅಷ್ಟೇ. ಮೇಲ್ಮನವಿ ಇಲ್ಲ.

ಊರ ಹೊರಗಿನ ಹಳೆ ಬಾವಿಯ ನೀರು ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ನಪಾಸು. ಬೇರೆ ಗತಿಯಿಲ್ಲದೆ ಊರು ಅದನ್ನೇ ಕುಡಿಯುತ್ತಿತ್ತು. ನಾನು ಹುಟ್ಟುವ ಮೊದಲೇ ಹನುಮಪ್ಪನ ಗುಡಿಯ ಮುಂದೆ ಬೋರಿಂಗ್ ಬಿತ್ತು. ಆ ನೀರಿನಲ್ಲಿ ಬ್ಯಾಳಿ ಬೆಣ್ಣೆಯಾಯಿತಂತೆ. ಅಮ್ಮ ಸೌಟಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ಇದು ಅಮೃತ ಎಂದಳಂತೆ. ಅವತ್ತಿನಿಂದ ಹಳೆ ಬಾವಿಯ ಹಾದಿಯಲ್ಲಿ ಹುಲ್ಲು ಬೆಳೆಯಿತು. ಅವ್ವ ಈ ಕಥೆಯನ್ನು ಭಾಳ ಅಭಿಮಾನದಿಂದ ಹೇಳುತ್ತಿದ್ದಳು.

ಅಮೃತ ಕುಡಿದು ಬೆಳೆದವರು ನಾವು. ನಮ್ಮ ಹಲ್ಲು ನೋಡಬೇಕಿತ್ತು ನೀವು. ನನ್ನವು ಈಗಲೂ ಇವೆ, ಮುಚ್ಚಿಡುವುದೇನು. ಕಂದು ಪಟ್ಟೆ, ನಡುನಡುವೆ ಸುಣ್ಣದ ಚುಕ್ಕೆ. ಹಲ್ಲುಜ್ಜದ ಮೈಗಳ್ಳರು ಎಂದು ಅಮ್ಮ ನಮ್ಮನ್ನು ಬೈಯುತ್ತಿದ್ದಳು. ನಾನು ಇದ್ದಿಲು, ಉಪ್ಪು, ಬೂದಿ, ಕೊನೆಗೆ ಇಟ್ಟಂಗಿ ಪುಡಿ ಹಾಕಿ ಒಸಡು ಕಿತ್ತುಬರುವ ಹಾಗೆ ಉಜ್ಜಿದೆ. ಪಟ್ಟೆ ಹೋಗಲಿಲ್ಲ. ಅಕ್ಕ ನನಗಿಂತ ಚೆಲುವೆ, ಆದರೆ ನಗುವಾಗ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ಕುಷ್ಟಗಿಯಿಂದ ಅವಳನ್ನು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು ಹೋಗಿ, ಹುಡುಗಿ ತಂಬಾಕು ತಿನ್ನುತ್ತಾಳೆ ಎಂದು ಹೇಳಿ ಕಳಿಸಿದರು. ಅಕ್ಕ ಎರಡು ದಿನ ಉಣ್ಣಲಿಲ್ಲ. ಕೊನೆಗೆ ನಮ್ಮ ಸೋದರಮಾವನೇ, ಅಂದರೆ ಅಮ್ಮನ ಮಗನೇ, ಅವಳನ್ನು ಮದುವೆಯಾದ. ಹಲ್ಲು ನೋಡಿ ಎತ್ತು ತರುತ್ತಾರೆ, ಹೇಂತಿಯನ್ನಲ್ಲ ಎಂದು ಕುಷ್ಟಗಿಯವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿಕೊಂಡು ತಿರುಗಿದ. ಆ ಒಂದು ಮಾತಿಗೆ ಅವನ ಎಷ್ಟೋ ಕೋಪತಾಪವನ್ನು ನಾನು ಇವತ್ತಿಗೂ ಮಾಫ್ ಮಾಡಿದ್ದೇನೆ.

ಆ ಹೊತ್ತಿಗೆ ನಾನು ಕೊಪ್ಪಳದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕೆಮಿಸ್ಟ್ರಿ ಸರ್ ಒಬ್ಬರಿದ್ದರು. ಪಠ್ಯಪುಸ್ತಕಕ್ಕೂ ಅವರಿಗೂ ಅಷ್ಟಕ್ಕಷ್ಟೆ. ಹೊಸ ಮೂಲವಸ್ತು ಬಂದರೆ ಮೊದಲು ಅದರ ಊರು, ಕುಲ, ಹಗರಣ ಎಲ್ಲ ಹೇಳಿ, ಆಮೇಲೆ ಸಮೀಕರಣ. ಫ್ಲೋರೀನ್ ಪಾಠದ ದಿನ ಒಳಗೆ ಬಂದವರೇ ಎಲ್ಲರೂ ಹಲ್ಲು ತೋರಿಸಿರಿ ಎಂದರು. ನಾವು ಗಾಬರಿಯಾದೆವು. ಗಂಗಾವತಿಯಿಂದ ಬರುವ ಹುಡುಗರು, ಕಾಲುವೆಯ ನೀರು ಕುಡಿದವರು, ಹೆಮ್ಮೆಯಿಂದ ಕಿಸಿದರು. ಎಲ್ಲ ಬೆಳ್ಳಗೆ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಬಂದ ನಾವು ತುಟಿ ಬಿಗಿದು ಕೂತೆವು. ಸರ್ ಬೋರ್ಡಿನ ಮೇಲೆ ಜಿಲ್ಲೆಯ ನಕ್ಷೆ ಬರೆದು, ಒಬ್ಬೊಬ್ಬರ ಊರು ಕೇಳಿ, ಬಿಳಿ ಹಲ್ಲಿನ ಊರಿಗೆ ಸೊನ್ನೆ, ಕಂದು ಹಲ್ಲಿನ ಊರಿಗೆ ಗೀಟು ಹಾಕುತ್ತ ಹೋದರು. ನೋಡನೋಡುತ್ತ ಗೀಟುಗಳೆಲ್ಲ ಒಂದು ಕಡೆ ಗುಂಪು ಕೂಡಿದವು. ಇದು ಹಲ್ಲುಜ್ಜುವವರ ನಕ್ಷೆ ಅಲ್ಲ, ನೆಲದೊಳಗಿನ ಕಲ್ಲಿನ ನಕ್ಷೆ ಎಂದರು ಸರ್.

ಆಮೇಲೆ ಅವರು ಹೇಳಿದ ಕಥೆಯನ್ನು ನಾನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಹೆಸರುಗಳನ್ನು ಮಾತ್ರ ಪ್ರತಿ ವರ್ಷ ಮರೆಯುತ್ತೇನೆ. ಬಹಳ ಹಿಂದೆ ಲೋಹ ಕರಗಿಸುವವರು ಕುಲುಮೆಗೆ ಒಂದು ಬಣ್ಣದ ಕಲ್ಲು ಹಾಕುತ್ತಿದ್ದರಂತೆ, ಅದಿರು ಬೇಗ ಹರಿಯಲಿ ಎಂದು. ಸರ್ ಕಥೆ ಇಲ್ಲಿಗೆ ಬಂದಾಗ ನಮ್ಮ ಜೊತೆಯ ಗಿಣಿಗೇರಿಯ ಹುಡುಗನೊಬ್ಬ ಎದ್ದು ಕೂತ, ಅವನಪ್ಪ ಕುಲುಮೆಯ ಕೆಲಸದವನು. ಗಾಜಿನ ಮೇಲೆ ಚಿತ್ತಾರ ಕೊರೆಯುವವರು ಅದೇ ಕಲ್ಲಿನಿಂದ ಆಮ್ಲ ತೆಗೆದರು. ಆ ಕಲ್ಲಿನೊಳಗೆ ಅಡಗಿರುವುದು ಯಾರು ಎಂದು ರಸಾಯನದವರು ಬೆನ್ನು ಹತ್ತಿದರು. ಅದು ಸಿಕ್ಕಿದ್ದನ್ನೆಲ್ಲ ತಿನ್ನುವ ಅನಿಲ. ಹುಡುಕಿದವರಲ್ಲಿ ಕೆಲವರು ಹಾಸಿಗೆ ಹಿಡಿದರು, ಕೆಲವರು ಸತ್ತರು. ಕೊನೆಗೆ ಒಬ್ಬ ಪ್ಲಾಟಿನಂ ಪಾತ್ರೆಯನ್ನು ಗಡಗಡ ನಡುಗುವಷ್ಟು ತಣ್ಣಗೆ ಮಾಡಿ, ವಿದ್ಯುತ್ ಹಾಯಿಸಿ ಅದನ್ನು ಹಿಡಿದ. ಅಲ್ಲಿ ಭೌತಶಾಸ್ತ್ರ ಕೈಹಿಡಿಯಿತು. ಆಮೇಲೆ ದೂರದೇಶದ ಗುಡ್ಡದ ಊರೊಂದಕ್ಕೆ ಬಂದ ಹಲ್ಲಿನ ಡಾಕ್ಟರನಿಗೆ ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದಾಗಿ ಕಂಡವು. ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. ನೀರಿನ ಅಂಶವನ್ನು ಬೆಳಕಿನ ಗೆರೆಗಳಲ್ಲಿ ಓದುವ ಯಂತ್ರ ಬಂದಾಗ ಕಳ್ಳ ಸಿಕ್ಕ: ಅದೇ ಫ್ಲೋರೀನ್, ಕಲ್ಲಿನಿಂದ ನೀರಿಗೆ, ನೀರಿನಿಂದ ಹಲ್ಲಿಗೆ. ಕುಲುಮೆ, ಕಲ್ಲು, ಕರೆಂಟು, ಬೆಳಕು, ವೈದ್ಯ, ಎಲ್ಲರೂ ಸೇರಿದ ಮೇಲೇ ಅದು ತಿಳಿದದ್ದು. ಕೆಮಿಸ್ಟ್ರಿ ಅಂದರೆ ಒಂದು ಮನೆಯಲ್ಲ, ನಾಲ್ಕು ಮನೆಯ ನಡುವಿನ ಅಂಗಳ ಎಂದರು ಸರ್.

ನಾನು ಅತ್ತುಬಿಟ್ಟೆ. ಫ್ಲೋರೀನಿಗಾಗಿ ಸತ್ತವರಿಗಲ್ಲ, ನನ್ನ ಇಟ್ಟಂಗಿ ಪುಡಿಗೆ. ಇಷ್ಟು ವರ್ಷ ನನ್ನದೇ ತಪ್ಪೆಂದು ಉಜ್ಜಿದ್ದೆ. ತರಗತಿ ಮುಗಿದ ಮೇಲೆ ಸರ್ ಕರೆದು, ಮೂಡಿ ಗಟ್ಟಿಯಾದ ಹಲ್ಲಿಗೆ ಇನ್ನು ಏನೂ ಮಾಡಲಾಗದು, ಎಳೆಯ ಮಕ್ಕಳ ಹಲ್ಲು ಮಾತ್ರ ಉಳಿಸಬಹುದು ಎಂದರು. ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆಯೇ ಎಂದು ಕೇಳಿದರು.

ಇದ್ದಳು. ಅಕ್ಕನ ತೊಡೆಯ ಮೇಲೆ ಕಾವೇರಿ, ಇನ್ನೂ ಎದೆಹಾಲಿನ ಕೂಸು. ಇನ್ನು ಕೆಲವೇ ದಿನಗಳಲ್ಲಿ ನೀರು ಕುಡಿಸಬೇಕಿತ್ತು. ನಾನು ಊರಿಗೆ ಹೋಗಿ ಬೋರಿನ ನೀರನ್ನೂ ಹಳೆ ಬಾವಿಯ ನೀರನ್ನೂ ಒಯ್ದು ಸರ್‌ಗೆ ಕೊಟ್ಟೆ. ಅವರು ಒಂದು ಗುಲಾಬಿ ಬಣ್ಣದ ದ್ರಾವಣ ಹಾಕಿದರು. ಫ್ಲೋರೈಡ್ ಹೆಚ್ಚಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಸವಳು ಬಾವಿಯದು ಗುಲಾಬಿಯಾಗಿಯೇ ಉಳಿಯಿತು. ಅಮೃತ ಹಳದಿಯಾಯಿತು.

ಇನ್ನೇನು, ಹೋಗಿ ಹೇಳಿದರೆ ಮನೆಯವರು ಕೈಮುಗಿಯುತ್ತಾರೆ ಎಂದುಕೊಂಡಿದ್ದೆ. ಅಮ್ಮನ ಅಡುಗೆಮನೆಯಲ್ಲಿ ನಿಂತು ಒಂದು ಭಾಷಣವನ್ನೇ ಮಾಡಿದೆ. ಬ್ಯಾಳಿ ಬೇಯಗೊಡದ ಸುಣ್ಣದ ಅಂಶ ಹಳೆ ಬಾವಿಯಲ್ಲಿದೆ, ಅದೇ ಸುಣ್ಣ ಫ್ಲೋರೈಡನ್ನು ಹಿಡಿದು ಕೆಳಗೆ ಕೂಡಿಸುತ್ತದೆ. ಬೋರಿನಲ್ಲಿ ಸುಣ್ಣವಿಲ್ಲ, ಹಾಗಾಗಿ ಬ್ಯಾಳಿಯೂ ಬೇಯುತ್ತದೆ, ವಿಷವೂ ಉಳಿಯುತ್ತದೆ. ಕುಲುಮೆಯಿಂದ ಹಿಡಿದು ಗುಡ್ಡದ ಊರಿನ ಡಾಕ್ಟರನವರೆಗೆ ಯಾರನ್ನೂ ಬಿಡಲಿಲ್ಲ. ಮಾವ ಆಕಳಿಸಿದ. ಅಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ಕೇಳಿದಳು, "ಬ್ಯಾಳಿ ಬೇಯಲಾರದ ನೀರು ಕೂಸಿನ ಹೊಟ್ಯಾಗ ಹ್ಯಾಂಗ ಬೇಯ್ತೈತಿ?" ನಾನು ಮತ್ತೆ ಕುಲುಮೆಯಿಂದ ಶುರುಮಾಡಲು ಹೊರಟೆ.

ಆಗ ಅಕ್ಕ ಬಾಯಿ ತೆರೆದಳು. ಅತ್ತೆಯಾದರೂ ಅವಳಿಗೆ ಅಮ್ಮ ಅಮ್ಮನೇ, ಹಾಗಾಗಿ ಧೈರ್ಯ.

"ಅಮ್ಮ, ನಿನ್ನ ಹಲ್ಲು ಯಾಕ ಬೆಳ್ಳಗ ಅದಾವ?"

ಬೇವಿನ ಕಡ್ಡಿಯಿಂದ ಎಂದಳು ಅಮ್ಮ. ತಾನೂ ಬೇವಿನ ಕಡ್ಡಿಯಲ್ಲೇ ಉಜ್ಜಿದವಳು ಎಂದಳು ಅಕ್ಕ. ಅಮ್ಮ ರೊಟ್ಟಿಯ ಮೇಲೆ ಕೈಯಿಟ್ಟು ಹಾಗೇ ಕೂತಳು. ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲೇ ನೋಡುತ್ತಿದ್ದಳು ಎಂದು ಈಗ ನನಗೆ ಅನಿಸುತ್ತದೆ. ನಮ್ಮವ್ವ, ದೊಡ್ಡಾಕಿ: ಬಿಳಿ ಹಲ್ಲು. ಮಾವ: ಬಿಳಿ ಹಲ್ಲು. ಕಡೆಯ ಮಗಳು ಗಿರಿಜಾ, ಅದೇ ಒಲೆಯ ರೊಟ್ಟಿ ತಿಂದು ಅದೇ ಬೇವಿನ ಗಿಡದ ಕಡ್ಡಿ ಕಡಿದವಳು: ನಮ್ಮ ಹಾಗೆಯೇ ಕಂದು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು, ಯಾರೂ ತೆಗೆಯಲಿಲ್ಲ.

"ಬೋರಿಂಗ್ ಹಾಕಿದಾಗ ಗಿರಿಜಾ ಹೊಟ್ಯಾಗಿದ್ಲು," ಎಂದಳು ಅಮ್ಮ, ಸಣ್ಣ ದನಿಯಲ್ಲಿ. ಆಮೇಲೆ ಹಂಚು ಇಳಿಸಿ, "ಆ ಬ್ಯಾಳಿ ಕುದಿಸಿದಾಕಿ ನಾನ," ಎಂದಳು.

ಅವತ್ತು ಅಮ್ಮ ಉಣ್ಣಲಿಲ್ಲ. ಗೆಲ್ಲಬೇಕೆಂದು ಬಂದವಳು ನಾನು, ಆದರೆ ಆ ಮುಖ ನೋಡಿದ ಮೇಲೆ ಗೆಲುವು ಯಾರಿಗೆ ಬೇಕಾಗಿತ್ತು. ಮರುದಿನ ಎದ್ದು ನೋಡಿದರೆ ಅಮ್ಮನೂ ಇಲ್ಲ, ತಾಮ್ರದ ಕೊಡವೂ ಇಲ್ಲ. ಹಳೆ ಬಾವಿಯ ಹಾದಿಯ ಹುಲ್ಲು ತುಳಿದುಕೊಂಡು ಹೋಗಿದ್ದಳು. ಬರುವಾಗ ಗುಡಿಯ ಮುಂದೆ ಬೋರಿಗೆ ನಿಂತ ಹೆಂಗಸರು, ಇದೇನವ್ವ ಸವಳುನೀರು ಎಂದು ಕೇಳಿದರಂತೆ. ಅಮ್ಮ ಕೊಡ ಇಳಿಸದೆ ಹೇಳಿದಳಂತೆ, ತನ್ನ ಪರೀಕ್ಷೆ ತಪ್ಪಾಗಿತ್ತು, ದೊಡ್ಡವರು ಏನಾದರೂ ಕುಡಿಯಿರಿ, ಕೂಸುಗಳಿಗೆ ಮಾತ್ರ ಇದನ್ನು ಕೊಡಿರಿ ಎಂದು. ಕೆಲವರು ಮುದುಕಿಗೆ ಅರಳುಮರಳು ಎಂದರು. ಕೆಲವರು ಮಾರನೆಯ ದಿನ ಕೊಡ ಹಿಡಿದು ಅವಳ ಹಿಂದೆ ಹೋದರು. ಹಾಗೆ ಹೋದವರಲ್ಲಿ ಅಕ್ಕನನ್ನು ಬೇಡವೆಂದ ಕುಷ್ಟಗಿಯವರಲ್ಲೊಬ್ಬರೂ ಇದ್ದರೆಂದು ಮಾವ ಸೇರಿಸುತ್ತಾನೆ, ಅದು ಅವನ ಸ್ವಂತ ಕಲ್ಪನೆ.

ಆಮೇಲೆ ವರ್ಷಗಟ್ಟಲೆ ಆ ಮನೆಯ ಬ್ಯಾಳಿ ಬೇಯಲೇ ಇಲ್ಲ. ಕೂಸು ಉಣ್ಣುವ ಸಾರಿಗೂ ಅದೇ ನೀರು ಎಂದು ಅಮ್ಮನ ಕಟ್ಟಪ್ಪಣೆ. ಸೋಡಾ ಹಾಕಿದರೆ ರುಚಿ ಕೆಡುತ್ತದೆಂದು ಅದಕ್ಕೂ ಒಪ್ಪಲಿಲ್ಲ. ಊರಿಗೇ ಬ್ಯಾಳಿಯ ಹದ ಹೇಳುತ್ತಿದ್ದವಳು ಕಾಳು ಕಾಳಾದ ಸಾರು ಬಡಿಸಿ ತಲೆ ತಗ್ಗಿಸುತ್ತಿದ್ದಳು. ನನ್ನ ಹಲ್ಲು ಗಟ್ಟಿ ಅದಾವ, ನಡೀಲಿ ಬಿಡ್ರಿ ಎಂದು ಮಾವ ಕರಕರ ಅಗಿಯುತ್ತಿದ್ದ.

ಪ್ರಯೋಗವೇನೋ ಶುರುವಾಗಿತ್ತು, ಫಲಿತಾಂಶ ಬರಲು ಒಂದು ಬಾಲ್ಯವೇ ಬೇಕಾಯಿತು. ಹಾಲುಹಲ್ಲು ಬಿದ್ದು ಕಾವೇರಿಗೆ ಹೊಸ ಹಲ್ಲು ಮೂಡಿದಾಗ ನಾನು ಊರಲ್ಲೇ ಇದ್ದೆ. ಅಮ್ಮನ ಕಣ್ಣು ಆಗಲೇ ಮಂಜಾಗಿತ್ತು. ಹುಡುಗಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, ಬಿಸಿಲಿಗೆ ಮುಖ ತಿರುಗಿಸಿ, ಬಾಯಿ ತೆರೆಸಿ, ಬಗ್ಗಿ ನೋಡಿದಳು. ನಂಬದೆ ಬೆರಳಿನಿಂದ ಸವರಿ ನೋಡಿದಳು. ಅಕ್ಕ ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದಳು. ಬೆಳ್ಳಗ ಅದಾವ ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದಳು. ಮುಂದಿನ ವರ್ಷ ಅಮ್ಮ ತೀರಿಹೋದಳು. ಊರಿಗೆ ಈಗ ನದಿಯ ನೀರು ನಳದಲ್ಲಿ ಬರುತ್ತದೆ, ಬಂದ ದಿನ ಬರುತ್ತದೆ.

ನೋಡ್ರಿ, ಹೇಳುತ್ತ ಹೇಳುತ್ತ ಇಲ್ಲಿ ಬ್ಯಾಳಿ ಬೆಂದೇಹೋಯಿತು. ಸೌಟಿನಲ್ಲಿ ಎತ್ತಿದರೆ ಬೆಣ್ಣೆ. ಬ್ಯಾಳಿಯೊಂದನ್ನೇ ನಂಬುವ ಹಾಗಿಲ್ಲ, ಮೆತ್ತಗೆ ಬೇಯಿಸುವ ನೀರೆಲ್ಲ ಕೆಟ್ಟದ್ದಲ್ಲ. ಅದಕ್ಕೇ ಕಾಲೇಜಿನಿಂದ ತಂದಿಟ್ಟುಕೊಂಡಿದ್ದ ಪರೀಕ್ಷೆಯ ಪೆಟ್ಟಿಗೆ ತೆಗೆದು, ಕಾವೇರಿಯ ಮುಂದೆಯೇ ಅವಳ ನೀರಿಗೆ ಗುಲಾಬಿ ದ್ರಾವಣ ಹಾಕಿದೆ. ಇಬ್ಬರೂ ನಳಿಕೆಯನ್ನು ಕಿಟಕಿಗೆ ಹಿಡಿದು ಕಾದೆವು. ಬಣ್ಣ ನಿಧಾನಕ್ಕೆ ಹಳದಿಗೆ ತಿರುಗಿತು. ನಾನು ನಳಿಕೆಯನ್ನು ತಿರುಗಿಸಿ ಮತ್ತೊಮ್ಮೆ ನೋಡಿದೆ. ಅವಳು ಮಾತ್ರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕೂಸು ಬರುವುದರೊಳಗೇ ಗೊತ್ತಾಯಿತಲ್ಲ, ಛಲೋ ಆಯಿತು ಎಂದಳು.

ತಡೆಯಲಾರದೆ ನಾನು ಶುರುಮಾಡಿದೆ. ರವಿವಾರ ನಿಮ್ಮ ಊರಿಗೆ ಬರುತ್ತೇನೆ, ನಕ್ಷೆ ತರುತ್ತೇನೆ, ನಿಮ್ಮ ಅತ್ತೆಗೆ ಫ್ಲೋರೀನಿನ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತೇನೆ ಎಂದೆ. ಕಾವೇರಿ ಜೋರಾಗಿ ನಕ್ಕಳು. ಸೆರಗಿಲ್ಲ, ಕೈಯಿಲ್ಲ, ಬಾಯಿತುಂಬ ನಗು. ಗಂಡನ ಹಲ್ಲೆಲ್ಲ ಪಟ್ಟೆಪಟ್ಟೆಯಂತೆ. ಊರ ಕೆರೆಯ ಬದಿಗೆ ಯಾರೂ ಸೇದದ ಹಳೆ ಬಾವಿಯೊಂದು ಇದೆಯಂತೆ, ಮುಂದಿನ ಸಲ ಅದರ ನೀರು ತರುತ್ತಾಳಂತೆ. ಎರಡು ತಾಟು ಹಾಕಿ ಬ್ಯಾಳಿ ಬಡಿಸಿದೆ. ಒಂದು ಊಟಕ್ಕೆ ಏನೂ ಆಗುವುದಿಲ್ಲ. ಅಮ್ಮನಿಗೆ ಇಷ್ಟವಾದ ಹದವೇ ಆಗಿತ್ತು. ಅವಳಿಗೆ ಕೊನೆಯ ತನಕ ಸಿಗದ ಆ ಹದ ಗಂಟಲಲ್ಲಿ ಇಳಿಯುವಾಗ ನನಗೆ ಕಣ್ಣು ತುಂಬಿ ಬಂತು. ಕಾವೇರಿ ತುತ್ತು ಕಲಸುತ್ತ ಹೇಳಿದಳು:

"ನೀ ಬರಬ್ಯಾಡ ಚಿಗವ್ವ. ನಮ್ಮ ಅತ್ತಿ ಹಲ್ಲು ಬೆಳ್ಳಗ ಅದಾವ. ನಾ ಅಲ್ಲಿಂದ ಶುರು ಮಾಡ್ತೀನಿ."